ಮನಸ್ಸಿನ ಮಾತ್ರೆಯೂ ಮೈಯ ತೂಕವೂ



ಗಂಗಾನಗರದ ತಾಯಿಯೊಬ್ಬರು ಈ ಅಂಕಣಕ್ಕೆ ನಾಲ್ಕು ಪುಟಗಳ ಪತ್ರ ಬರೆದಿದ್ದಾರೆ. ತಮ್ಮ ಹೆಸರನ್ನಾಗಲಿ ಬೀದಿಯನ್ನಾಗಲಿ ಪ್ರಕಟಿಸಬಾರದೆಂದು ಪತ್ರದ ಮೊದಲಲ್ಲಿ ಒಮ್ಮೆ, ಕೊನೆಯಲ್ಲಿ ಒಮ್ಮೆ ಕೋರಿದ್ದಾರೆ. ಅವರ ಮಗಳಿಗೆ 27 ವರ್ಷ. ಹೋದ ವರ್ಷ ಆಕೆ ಊಟ ನಿದ್ರೆಗಳನ್ನು ಬಿಟ್ಟು, ಕೆಲಸಕ್ಕೂ ಹೋಗಲಾರದೆ, ಕೋಣೆಯ ಬಾಗಿಲು ಹಾಕಿಕೊಂಡು ಕೂರತೊಡಗಿದಳು. ಮನೋವೈದ್ಯರು ಪರೀಕ್ಷಿಸಿ ಇದು ಖಿನ್ನತೆಯೆಂದು ತಿಳಿಸಿ, ಬೆಳಿಗ್ಗೆಗೆ ಎಸ್ಸಿಟಲೋಪ್ರಾಮ್, ರಾತ್ರಿಗೆ ಮಿರ್ಟಾಜಪಿನ್ ಎಂಬ ಮಾತ್ರೆಗಳನ್ನು ಬರೆದುಕೊಟ್ಟರು. ಆರೇಳು ವಾರಗಳಲ್ಲಿ ಮಗಳು ಮೊದಲಿನಂತೆ ಮಾತನಾಡಿದಳು, ನಕ್ಕಳು, ಕೆಲಸಕ್ಕೂ ಮರಳಿದಳು. ಆದರೆ ಒಂಬತ್ತು ತಿಂಗಳಲ್ಲಿ ಆಕೆಯ ತೂಕ 52 ಕಿಲೋದಿಂದ 61ಕ್ಕೆ ಏರಿತು. ಬಂಧುಗಳ ಮನೆಯ ಮದುವೆಯೊಂದರಲ್ಲಿ ಹಿರಿಯರೊಬ್ಬರು ಹತ್ತು ಜನರ ಮುಂದೆ, "ಏನಮ್ಮಾ, ಗುರುತೇ ಸಿಗಲಿಲ್ಲ, ಇಷ್ಟು ದಪ್ಪ ಆಗಿಬಿಟ್ಟೆಯಲ್ಲ, ಇನ್ನು ಗಂಡು ನೋಡೋದು ಹೇಗೆ?" ಎಂದರಂತೆ. ಅಂದೇ ರಾತ್ರಿ ಆಕೆ ಮಾತ್ರೆಗಳನ್ನೆಲ್ಲ ಕಸದ ಡಬ್ಬಿಗೆ ಹಾಕಿದಳು. ಪತ್ರ ಬರೆಯುವ ಹೊತ್ತಿಗೆ ಎರಡು ವಾರ ಕಳೆದಿತ್ತು. ತಲೆಸುತ್ತು, ನಿದ್ರಾಹೀನತೆ, ಸಿಡುಕು ಕಾಣಿಸಿಕೊಂಡು, ಈಗ ಮತ್ತೆ ಅಳು. "ಈ ಮಾತ್ರೆಗಳು ಮೈ ಊದಿಸುತ್ತವೆಂಬುದು ನಿಜವೇ? ನಿಜವಾದರೆ ನನ್ನ ಮಗುವಿಗೆ ಇದನ್ನು ಮತ್ತೆ ಹೇಗೆ ಕೊಡಲಿ?" ಎಂಬುದು ತಾಯಿಯ ಪ್ರಶ್ನೆ.

ಪ್ರಶ್ನೆಗೆ ಉತ್ತರ ಹೇಳುವುದಕ್ಕೆ ಮೊದಲು ತುರ್ತಿನ ಮಾತು. ತಾಯೀ, ಈ ಸಂಚಿಕೆ ಕೈಸೇರುವವರೆಗೂ ಕಾಯಬಾರದೆಂದು ತಮಗೆ ಪ್ರತ್ಯೇಕವಾಗಿ ಬರೆದಿದ್ದೇನೆ. ಇತರ ಓದುಗರಿಗಾಗಿ ಇಲ್ಲಿಯೂ ಹೇಳುತ್ತೇನೆ. ತಿಂಗಳುಗಟ್ಟಲೆ ಸೇವಿಸಿದ ಖಿನ್ನತೆಯ ಮಾತ್ರೆಯನ್ನು ಒಂದೇ ದಿನದಲ್ಲಿ ನಿಲ್ಲಿಸಿದರೆ ಅದಕ್ಕೆ ಒಗ್ಗಿಹೋದ ನರಮಂಡಲ ತಡಬಡಾಯಿಸುತ್ತದೆ. ತಲೆ ತಿರುಗುವುದು, ಓಕರಿಕೆ, ನಿದ್ರೆ ಕೆಡುವುದು, ಭಯಂಕರ ಕನಸುಗಳು, ತಲೆಯೊಳಗೆ ವಿದ್ಯುತ್ತಿನ ಸಣ್ಣ ಹೊಡೆತ ಬಿದ್ದಂತಾಗುವುದು, ಕಾರಣವಿಲ್ಲದ ಕೋಪ, ಇವೆಲ್ಲ ಅದರ ಲಕ್ಷಣಗಳು. ಪ್ಯಾರಾಕ್ಸೆಟಿನ್, ವೆನ್ಲಾಫ್ಯಾಕ್ಸಿನ್ ಎಂಬವುಗಳಲ್ಲಿ ಈ ಉಪದ್ರವ ಹೆಚ್ಚು; ದೇಹದಲ್ಲಿ ಬಹುಕಾಲ ಉಳಿಯುವ ಫ್ಲುಯೊಕ್ಸೆಟಿನ್‌ನಲ್ಲಿ ಕಡಿಮೆ. ಇದು ವ್ಯಸನವಂತೂ ಅಲ್ಲ. ಮದ್ಯಪಾನಿಯಂತೆ ಯಾರೂ ಈ ಮಾತ್ರೆಗಾಗಿ ಹಾತೊರೆಯುವುದಿಲ್ಲ. ಆದರೆ ಹತ್ತಿದ ಮೆಟ್ಟಿಲುಗಳನ್ನು ಒಂದೊಂದಾಗಿಯೇ ಇಳಿಯಬೇಕು. ಇನ್ನೂ ಮುಖ್ಯವಾದುದೆಂದರೆ, ಮನಸ್ಸು ಹಗುರವಾದ ಮೇಲೂ ಸಾಮಾನ್ಯವಾಗಿ ಆರರಿಂದ ಒಂಬತ್ತು ತಿಂಗಳು ಔಷಧ ಮುಂದುವರಿಸಬೇಕೆಂದು ವೈದ್ಯರು ಹೇಳುವುದು ಕಾಯಿಲೆ ಮರುಕಳಿಸಬಾರದೆಂಬ ಕಾರಣಕ್ಕೆ. ನಡುವೆ ಬಿಟ್ಟವರು ಮನೆಯಲ್ಲಿ ಉಳಿದ ಮಾತ್ರೆಯನ್ನು ತಾವಾಗಿಯೇ ಹಳೆಯ ಪ್ರಮಾಣದಲ್ಲಿ ಮತ್ತೆ ಆರಂಭಿಸುವುದೂ ಸರಿಯಲ್ಲ. ಬರೆದುಕೊಟ್ಟ ವೈದ್ಯರನ್ನೇ ಆ ವಾರವೇ ಕಾಣಬೇಕು. ಸಾಯುವ ಮಾತು ಬಾಯಲ್ಲಿ ಬಂದರೆ ವಾರವೂ ಇಲ್ಲ, ಅದೇ ದಿನ.

ಈಗ ಪ್ರಶ್ನೆಗೆ ಬರೋಣ. ಈ ಮಾತ್ರೆಗಳಲ್ಲಿ ಕೆಲವು ತೂಕ ಹೆಚ್ಚಿಸುವುದು ನಿಜ. "ಹಾಗೇನೂ ಇಲ್ಲಮ್ಮ, ನೀನೇ ಹೆಚ್ಚು ತಿನ್ನುತ್ತಿದ್ದೀಯೆ" ಎಂದು ಮನೆಯವರು ಹೇಳುವುದುಂಟು. ಅವಸರದಲ್ಲಿರುವ ಕೆಲವು ವೈದ್ಯರೂ ಹೇಳುವುದುಂಟು. ಅದು ನ್ಯಾಯವಾದ ಮಾತಲ್ಲ. ರೋಗಿ ಕಣ್ಣಾರೆ ಕಂಡದ್ದನ್ನು ಸುಳ್ಳೆಂದರೆ ಆಕೆಯ ನಂಬಿಕೆ ವೈದ್ಯರಿಂದಲೂ ಮಾತ್ರೆಯಿಂದಲೂ ಒಟ್ಟಿಗೇ ಹೊರಟುಹೋಗುತ್ತದೆ.

ಖಿನ್ನತೆಯ ಔಷಧಕ್ಕೂ ತೂಕಕ್ಕೂ ಇರುವ ನಂಟು ಆ ಔಷಧಗಳಷ್ಟೇ ಹಳೆಯದು. 1952ರಲ್ಲಿ ನ್ಯೂಯಾರ್ಕಿನ ಸ್ಟೇಟನ್ ದ್ವೀಪದ ಸೀ ವ್ಯೂ ಆಸ್ಪತ್ರೆಯಲ್ಲಿ ಕ್ಷಯರೋಗಿಗಳಿಗೆ ಐಪ್ರೊನಯಜಿಡ್ ಎಂಬ ಹೊಸ ಮದ್ದನ್ನು ಕೊಟ್ಟು ನೋಡಿದರು. ಹಾಸಿಗೆ ಹಿಡಿದಿದ್ದವರು ಎದ್ದು ಓಡಾಡಿದರು, ಉಲ್ಲಾಸದಿಂದ ಮಾತನಾಡಿದರು, ಹಸಿವು ಹೆಚ್ಚಿ ಮೈಕೈ ತುಂಬಿಕೊಂಡರು. ಕ್ಷಯದ ಆ ಕಾಲದಲ್ಲಿ ತೂಕ ಏರಿತೆಂದರೆ ಹಬ್ಬ! ಖಿನ್ನತೆಗೆ ಮದ್ದು ಉಂಟೆಂಬ ಸುಳಿವು ಸಿಕ್ಕಿದ್ದರಲ್ಲಿ ಆ ವಾರ್ಡಿನ ಪಾಲೂ ಇದೆ. 1957ರಲ್ಲಿ ಸ್ವಿಟ್ಜರ್ಲೆಂಡಿನ ರೋಲಂಡ್ ಕೂನ್ ಎಂಬ ವೈದ್ಯರು ಇಮಿಪ್ರಮಿನ್ ಔಷಧದ ಗುಣವನ್ನು ಲೋಕಕ್ಕೆ ತಿಳಿಸಿದರು. ಅದರ ಬೆನ್ನಿಗೇ ಅಮಿಟ್ರಿಪ್ಟಿಲಿನ್ ಬಂದಿತು. 1987ರ ಕೊನೆಯಲ್ಲಿ ಅಮೆರಿಕದಲ್ಲಿ ಫ್ಲುಯೊಕ್ಸೆಟಿನ್‌ಗೆ ಮಾನ್ಯತೆ ದೊರೆತ ಮೇಲೆ ಸರ್ಟ್ರಲಿನ್, ಪ್ಯಾರಾಕ್ಸೆಟಿನ್, ಎಸ್ಸಿಟಲೋಪ್ರಾಮ್ ಮುಂತಾದವು ಸಾಲುಗಟ್ಟಿದವು. ಹೀಗೆ "ಖಿನ್ನತೆಯ ಮಾತ್ರೆ" ಎಂದು ನಾವು ಒಂದೇ ಹೆಸರಿನಿಂದ ಕರೆಯುವುದು ವಾಸ್ತವವಾಗಿ ಹಲವು ಬೇರೆ ಬೇರೆ ವಸ್ತುಗಳನ್ನು. ಒಂದು ತೂಕ ಏರಿಸಿದರೆ ಮತ್ತೊಂದು ಏರಿಸದು, ಇಳಿಸುವುದೂ ಉಂಟು.

ಗಂಗಾನಗರದ ತಾಯಿಯ ಪತ್ರದ ಮೂರನೆಯ ಪುಟದಲ್ಲಿ, ಯಾವುದೋ ಬೇರೆ ಮಾತಿನ ನಡುವೆ, ಒಂದು ಸಣ್ಣ ವಾಕ್ಯವಿದೆ: ಕಾಯಿಲೆಗೆ ಮುಂಚೆ ಮಗಳು 57 ಕಿಲೋ ಇದ್ದಳು. ಈ ವಾಕ್ಯವನ್ನು ಅವರೇ ಮರೆತಿದ್ದಾರೆ ಎನಿಸುತ್ತದೆ. 9 ಕಿಲೋ ಹೆಚ್ಚಿತೆಂದು ಅವರು ದುಃಖಪಡುತ್ತಿರುವುದರಲ್ಲಿ 5 ಕಿಲೋ ಖಿನ್ನತೆ ಕಿತ್ತುಕೊಂಡು ಹೋಗಿದ್ದ ತೂಕ. ತಟ್ಟೆಯ ಮುಂದೆ ಕುಳಿತು ಅನ್ನವನ್ನು ಕಲಸಿ ಹಾಗೆಯೇ ಎದ್ದುಹೋಗುತ್ತಿದ್ದ ಹುಡುಗಿ ಮತ್ತೆ ಉಣ್ಣತೊಡಗಿದ್ದರಿಂದ ಅದು ಮರಳಿ ಬಂದಿದೆ. ಅದನ್ನು ಮಾತ್ರೆಯ ಲೆಕ್ಕಕ್ಕೆ ಬರೆಯಲಾಗದು. ಉಳಿದದ್ದು 4 ಕಿಲೋ. ವಿಚಾರಿಸಬೇಕಾದದ್ದು ಅದನ್ನು. ಆದ್ದರಿಂದ ಚಿಕಿತ್ಸೆ ಆರಂಭಿಸುವ ದಿನವೇ ಎರಡು ಅಂಕೆಗಳನ್ನು ಬರೆದಿಡುವುದು ಲೇಸು: ಆ ದಿನದ ತೂಕ ಮತ್ತು ಆರೋಗ್ಯವಾಗಿದ್ದ ದಿನಗಳ ತೂಕ. ಇದಕ್ಕೆ ವಿರುದ್ಧವಾದ ಬಗೆಯೂ ಇದೆ. ಕೆಲವರಿಗೆ ಖಿನ್ನತೆಯಲ್ಲಿ ಹಸಿವು ಹೆಚ್ಚುತ್ತದೆ, ಸಿಹಿ ಬೇಕೆನಿಸುತ್ತದೆ, ದಿನವಿಡೀ ಮಲಗಿರುವಂತಾಗುತ್ತದೆ. ಅಂಥವರ ಮೈ ಮಾತ್ರೆ ಮುಟ್ಟುವ ಮೊದಲೇ ಬೆಳೆದಿರುತ್ತದೆ.

ಆ ಉಳಿದ ನಾಲ್ಕು ಕಿಲೋ ಎಲ್ಲಿಂದ ಬಂತು? ಗಾಳಿಯಿಂದ ಕೊಬ್ಬು ಹುಟ್ಟಿಸುವ ಶಕ್ತಿ ಯಾವ ಮಾತ್ರೆಗೂ ಇಲ್ಲ. ಅದು ಕೈಹಾಕುವುದು ಹಸಿವಿನ ಮೇಲೆ. ನಮ್ಮ ಮೆದುಳಿನಲ್ಲಿ ಹಿಸ್ಟಮಿನ್, ಸೆರೊಟೋನಿನ್ ಎಂಬ ರಾಸಾಯನಿಕಗಳು ಇತರ ಹಲವು ಕೆಲಸಗಳ ಜೊತೆಗೆ "ಸಾಕು, ಹೊಟ್ಟೆ ತುಂಬಿತು" ಎಂಬ ಸುದ್ದಿಯನ್ನೂ ಮುಟ್ಟಿಸುತ್ತವೆ. ಅಮಿಟ್ರಿಪ್ಟಿಲಿನ್ ಮತ್ತು ಮಿರ್ಟಾಜಪಿನ್ ಹಿಸ್ಟಮಿನ್ ಸುದ್ದಿ ಮುಟ್ಟುವ ಬಾಗಿಲನ್ನೇ ಮುಚ್ಚಿಬಿಡುತ್ತವೆ. ಒಳ್ಳೆಯ ನಿದ್ರೆ ಬರುವುದೂ ಅದರಿಂದಲೇ, ರಾತ್ರಿ ಹತ್ತು ಗಂಟೆಗೆ ಅಡುಗೆಮನೆಯ ಡಬ್ಬಿಗಳನ್ನು ತಡಕುವಂತಾಗುವುದೂ ಅದರಿಂದಲೇ. ನೆಗಡಿಗೆ ಕೊಡುವ ಕೆಲವು ಹಳೆಯ ಮಾತ್ರೆಗಳು ತೂಕಡಿಕೆ ತರುವುದೂ ಇದೇ ದಾರಿಯಿಂದ. ಎಸ್ಸಿಟಲೋಪ್ರಾಮ್ ವರ್ಗದ ಮಾತ್ರೆಗಳ ನಡೆ ಬೇರೆ. ಮೊದಲ ವಾರಗಳಲ್ಲಿ ಅವು ಹಸಿವನ್ನು ಕುಗ್ಗಿಸಿ, ಓಕರಿಕೆ ತಂದು, ತೂಕವನ್ನು ಒಂದಿಷ್ಟು ಇಳಿಸಬಹುದು. ತಿಂಗಳುಗಳು ಕಳೆದಂತೆ ಕೆಲವರಲ್ಲಿ ನಿಧಾನವಾಗಿ ಏರಿಕೆ ಆರಂಭವಾಗುತ್ತದೆ. ಏರಿಕೆ ತಡವಾಗಿ ಬರುವುದರಿಂದಲೇ ಅನೇಕರಿಗೆ ಅದು ಮಾತ್ರೆಯಿಂದಲೋ, ವಯಸ್ಸಿನಿಂದಲೋ, ಹಬ್ಬದೂಟದಿಂದಲೋ ತಿಳಿಯುವುದಿಲ್ಲ.

ಎಷ್ಟು ಏರುತ್ತದೆ? ಬ್ರಿಟನ್ನಿನಲ್ಲಿ ಸುಮಾರು 3 ಲಕ್ಷ ಜನರ ದಾಖಲೆಗಳನ್ನು ಹತ್ತು ವರ್ಷಗಳವರೆಗೆ ಹಿಂಬಾಲಿಸಿ ನೋಡಿ 2018ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಅದರ ಪ್ರಕಾರ ಈ ಮಾತ್ರೆ ಸೇವಿಸುವ ನೂರು ಜನರಲ್ಲಿ ವರ್ಷಕ್ಕೆ ಸುಮಾರು 11 ಮಂದಿಯ ತೂಕ ಶೇಕಡಾ 5 ಅಥವಾ ಅದಕ್ಕಿಂತ ಹೆಚ್ಚು ಏರಿತು. ಯಾವ ಮಾತ್ರೆಯನ್ನೂ ಸೇವಿಸದ ನೂರು ಜನರಲ್ಲಿ ಹಾಗೆ ಏರಿದವರು ಸುಮಾರು 8. ಅಂದರೆ ವ್ಯತ್ಯಾಸವಿದೆ, ಆದರೆ ಸಂತೆಯಲ್ಲಿ ಸಾರುವಷ್ಟು ದೊಡ್ಡದಲ್ಲ. ಎರಡನೆಯ ಮತ್ತು ಮೂರನೆಯ ವರ್ಷಗಳಲ್ಲಿ ಏರಿಕೆ ಹೆಚ್ಚೆಂದೂ, ಔಷಧಗಳ ಪೈಕಿ ಮಿರ್ಟಾಜಪಿನ್ ಮುಂದಿದೆಯೆಂದೂ ಅದರಲ್ಲಿ ಕಂಡುಬಂತು. 2024ರಲ್ಲಿ ಅಮೆರಿಕದ 1,83,118 ಜನರ ದಾಖಲೆಗಳಿಂದ ಎಂಟು ಮಾತ್ರೆಗಳನ್ನು ಹೋಲಿಸಿದರು. ಆರು ತಿಂಗಳ ಕೊನೆಯಲ್ಲಿ ಸರ್ಟ್ರಲಿನ್‌ಗಿಂತ ಎಸ್ಸಿಟಲೋಪ್ರಾಮ್ ಸರಾಸರಿ 0.41 ಕಿಲೋ ಹೆಚ್ಚು ತೂಕ ತಂದಿತ್ತು. ಪ್ಯಾರಾಕ್ಸೆಟಿನ್, ಡುಲಾಕ್ಸೆಟಿನ್ ಅದರ ಆಸುಪಾಸಿನಲ್ಲಿದ್ದವು. ಫ್ಲುಯೊಕ್ಸೆಟಿನ್ ಮತ್ತು ಸರ್ಟ್ರಲಿನ್ ನಡುವೆ ಗಮನಾರ್ಹ ಅಂತರವಿರಲಿಲ್ಲ. ಬ್ಯುಪ್ರೊಪಿಯಾನ್ ಸೇವಿಸಿದವರಲ್ಲಿ ತೂಕ ಸರ್ಟ್ರಲಿನ್‌ಗಿಂತಲೂ ಕಡಿಮೆ. 2025ರಲ್ಲಿ ಪ್ರಕಟವಾದ ಮತ್ತೊಂದು ವಿಮರ್ಶೆ 30 ಮಾತ್ರೆಗಳನ್ನು ತೂಗಿ ನೋಡಿದಾಗ, ತೀರ ಇಳಿಸುವ ಅಗೊಮೆಲಟಿನ್‌ಗೂ ತೀರ ಏರಿಸುವ ಮ್ಯಾಪ್ರೊಟಿಲಿನ್‌ಗೂ ನಡುವೆ ಸುಮಾರು 4 ಕಿಲೋ ಅಂತರವಿತ್ತು. ಅದೂ ಸುಮಾರು ಎರಡು ತಿಂಗಳ ಚಿಕಿತ್ಸೆಯಲ್ಲಿ.

ಸರಾಸರಿ ಎಂಬುದು ಒಂದು ಮಾಯೆಯೇ ಸರಿ. ಅರ್ಧ ಕಿಲೋ ಸರಾಸರಿಯೆಂದರೆ ಎಲ್ಲರಿಗೂ ಅರ್ಧರ್ಧ ಕಿಲೋ ಹಂಚಿದಂತೆ ಅಲ್ಲ. ಹಲವರಿಗೆ ಏನೂ ಆಗದು, ಕೆಲವರಿಗೆ ಇಳಿಯುವುದು, ಒಬ್ಬಿಬ್ಬರಿಗೆ ಆರೇಳು ಕಿಲೋ ಏರುವುದು. ಆ ಒಬ್ಬಿಬ್ಬರಲ್ಲಿ ನಮ್ಮ ಮನೆಯ ಮಗಳಿದ್ದರೆ ಅವಳಿಗೆ ಸರಾಸರಿಯಿಂದ ಏನು ಸಮಾಧಾನ?

ಮತ್ತೊಂದು ವಿಷಯವನ್ನು ಇಲ್ಲಿಯೇ ಹೇಳಬೇಕು. ಮನೋವೈದ್ಯರ ಚೀಟಿಯಲ್ಲಿರುವುದೆಲ್ಲ ಖಿನ್ನತೆಯ ಮಾತ್ರೆಯೇ ಆಗಿರಬೇಕೆಂದಿಲ್ಲ. ಒಲಾಂಜಪಿನ್, ಕ್ವೆಟಿಯಪಿನ್, ವಾಲ್‌ಪ್ರೊಯೇಟ್, ಲಿಥಿಯಂ ಎಂಬ ಬೇರೆ ವರ್ಗದ ಔಷಧಗಳನ್ನೂ ಕೆಲವೊಮ್ಮೆ ಜೊತೆಗೆ ಕೊಡುತ್ತಾರೆ. ಇವುಗಳಲ್ಲಿ, ವಿಶೇಷವಾಗಿ ಒಲಾಂಜಪಿನ್‌ನಲ್ಲಿ, ತೂಕದ ಏರಿಕೆ ಮೇಲೆ ಹೇಳಿದ್ದಕ್ಕಿಂತ ಎಷ್ಟೋ ಪಾಲು ಹೆಚ್ಚು. ಫ್ಲುಯೊಕ್ಸೆಟಿನ್ ಮತ್ತು ಒಲಾಂಜಪಿನ್ ಎರಡನ್ನೂ ಒಂದೇ ಗುಳಿಗೆಯಲ್ಲಿ ಸೇರಿಸಿದ್ದೂ ಉಂಟು. ಮಾತ್ರೆಯ ಪಟ್ಟಿಯ ಹಿಂಭಾಗದಲ್ಲಿ ಕಂಪನಿಯ ಹೆಸರಿನೊಡನೆ ಔಷಧದ ಮೂಲ ಹೆಸರೂ ಅಚ್ಚಾಗಿರುತ್ತದೆ. ಅದನ್ನು ಓದಿ ಒಂದು ಕಾಗದದಲ್ಲಿ ಬರೆದಿಟ್ಟುಕೊಳ್ಳಿ. ನೆರೆಮನೆಯವರಿಗೆ ದಪ್ಪ ತಂದ ಮಾತ್ರೆ ನಿಮ್ಮ ಮನೆಯ ಮಾತ್ರೆಯೇ ಹೌದೋ ಅಲ್ಲವೋ ತಿಳಿಯದೆ ಹೆದರುವುದು ವ್ಯರ್ಥ.

ನಮ್ಮ ಜನಕ್ಕೆ ಅಳತೆಗೋಲೂ ಸ್ವಲ್ಪ ಬಿಗಿಯಾದದ್ದು. ತೂಕವನ್ನು ಮೀಟರಿನಲ್ಲಿ ಅಳೆದ ಎತ್ತರದ ವರ್ಗದಿಂದ ಭಾಗಿಸಿದಾಗ ಬರುವ ಅಂಕೆ 23ನ್ನು ದಾಟಿದರೆ ಭಾರತೀಯರಿಗೆ ಅದು ಹೆಚ್ಚಿನ ತೂಕ, 25ನ್ನು ದಾಟಿದರೆ ಬೊಜ್ಜು ಎಂಬುದು ನಮ್ಮ ದೇಶದ ತಜ್ಞರು ಒಪ್ಪಿದ ಗೆರೆ. ಐದಡಿ ಎರಡಂಗುಲದ ಹೆಣ್ಣುಮಗಳಿಗೆ 57 ಕಿಲೋ ಮೊದಲ ಗೆರೆ, 62 ಕಿಲೋ ಎರಡನೆಯದು. ಸೊಂಟದ ಸುತ್ತಳತೆ ಹೆಂಗಸರಿಗೆ 80, ಗಂಡಸರಿಗೆ 90 ಸೆಂಟಿಮೀಟರಿನೊಳಗೆ ಇರಬೇಕು. ನಮ್ಮವರಲ್ಲಿ ಸಕ್ಕರೆ ಕಾಯಿಲೆ ತೆಳ್ಳಗಿನ ಮೈಯನ್ನೂ ಹುಡುಕಿಕೊಂಡು ಬರುವುದರಿಂದ ಈ ಎಚ್ಚರಿಕೆ. ಚಂದ ಕಾಣುವುದು ಬಿಡುವುದು ಆಮೇಲಿನ ಮಾತು.

ಮೊದಲ ಮೂರು ತಿಂಗಳು ಹದಿನೈದು ದಿನಕ್ಕೊಮ್ಮೆ, ಬಳಿಕ ತಿಂಗಳಿಗೊಮ್ಮೆ, ಒಂದೇ ಯಂತ್ರದಲ್ಲಿ, ಬೆಳಿಗ್ಗೆ ಬರಿಹೊಟ್ಟೆಯಲ್ಲಿ ತೂಗಿ ಕ್ಯಾಲೆಂಡರಿನಲ್ಲಿ ಬರೆಯಿರಿ. ನಿತ್ಯವೂ ತೂಗುವುದು ಬೇಡ. ಖಿನ್ನ ಮನಸ್ಸಿಗೆ ಅದೇ ಇನ್ನೊಂದು ಜಪವಾಗಿಬಿಡುತ್ತದೆ. ಆರೋಗ್ಯದ ದಿನಗಳ ತೂಕಕ್ಕಿಂತ ಶೇಕಡಾ 5ರಷ್ಟು, ಅಂದರೆ 60 ಕಿಲೋ ಇದ್ದವರಿಗೆ 3 ಕಿಲೋ, ಏರಿತೆಂದರೆ ಮುಂದಿನ ಭೇಟಿಯ ದಿನಕ್ಕೆ ಕಾಯದೆ ವೈದ್ಯರಿಗೆ ತಿಳಿಸಬೇಕು. ಹತ್ತು ಕಿಲೋ ಏರಿದ ಮೇಲೆ ಇಳಿಸುವುದಕ್ಕಿಂತ ಮೂರು ಕಿಲೋಗೆ ತಡೆಯುವುದು ಸುಲಭ.

ಆಗ ವೈದ್ಯರು ಮಾಡಬಹುದಾದದ್ದು ಬಹಳಷ್ಟಿದೆ. ಥೈರಾಯ್ಡ್ ಗ್ರಂಥಿ ಮಂಕಾದರೆ ಮೈ ದಪ್ಪವಾಗುವುದೂ ಮನಸ್ಸು ಕುಗ್ಗುವುದೂ ಒಟ್ಟಿಗೇ ಬರುವುದರಿಂದ ಆ ರಕ್ತಪರೀಕ್ಷೆ ಮೊದಲು. ಸಕ್ಕರೆ, ಕೊಬ್ಬುಗಳ ಪರೀಕ್ಷೆಯೂ ಬೇಕು. ಸಸ್ಯಾಹಾರಿಗಳಾದ ನಮ್ಮ ಮನೆಗಳಲ್ಲಿ ಬಿ-12 ಜೀವಸತ್ವದ ಪರೀಕ್ಷೆಯನ್ನು ಕೇಳಿ ಮಾಡಿಸಿಕೊಳ್ಳಬೇಕು. ಅದು ಹಾಲು ಮೊಸರುಗಳಲ್ಲಿ ಅಷ್ಟಿಷ್ಟು ಇರುವುದೇ ಹೊರತು ಕಾಳು ತರಕಾರಿಗಳಲ್ಲಿ ಇಲ್ಲ. ಅದರ ಕೊರತೆಯಿಂದಲೂ ಆಯಾಸ, ಮರೆವು, ಮಂಕು ಕವಿಯುತ್ತವೆ. ತೂಕ ತಡೆಯಲು ಕೆಲವು ವೈದ್ಯರು ಮೆಟ್‌ಫಾರ್ಮಿನ್ ಎಂಬ ಸಕ್ಕರೆ ಕಾಯಿಲೆಯ ಮಾತ್ರೆಯನ್ನು ಸೇರಿಸುವುದುಂಟು, ಮುಖ್ಯವಾಗಿ ಒಲಾಂಜಪಿನ್‌ನಂಥವುಗಳ ಜೊತೆ. ಆದರೆ ಮೆಟ್‌ಫಾರ್ಮಿನ್ ದೀರ್ಘಕಾಲದಲ್ಲಿ ಬಿ-12 ಅನ್ನು ಇನ್ನಷ್ಟು ತಗ್ಗಿಸುತ್ತದೆ. ಮಾಂಸಾಹಾರಿಗಳಿಗೆ ಹೇಳದಿದ್ದರೂ ನಡೆದೀತು, ನಮಗೆ ಇದನ್ನು ಹೇಳಲೇಬೇಕು.

ಮಾತ್ರೆಯನ್ನೇ ಬದಲಿಸುವ ದಾರಿಯೂ ತೆರೆದಿದೆ. ಕಾಯಿಲೆಯ ಆರಂಭದಲ್ಲಿ ನಿದ್ರೆಗಾಗಿ, ಹಸಿವಿಗಾಗಿ ಮಿರ್ಟಾಜಪಿನ್ ಅಗತ್ಯವಿದ್ದಿರಬಹುದು. 52 ಕಿಲೋಗೆ ಇಳಿದಿದ್ದ ಹುಡುಗಿಗೆ ಅದನ್ನು ಆರಿಸಿದ್ದರಲ್ಲಿ ವಿವೇಕವೇ ಇದೆ. ಆದರೆ ಒಂಬತ್ತು ತಿಂಗಳ ಮೇಲೆ ಅದು ಇನ್ನೂ ಬೇಕೇ ಎಂದು ಕೇಳುವುದು ರೋಗಿಯ ಹಕ್ಕು. ಅದನ್ನು ಮೆಲ್ಲನೆ ಇಳಿಸಿ ಒಂದೇ ಮಾತ್ರೆಯಲ್ಲಿ ಮುಂದುವರಿಸಬಹುದೇ, ಸರ್ಟ್ರಲಿನ್ ಅಥವಾ ಫ್ಲುಯೊಕ್ಸೆಟಿನ್‌ಗೆ ಹೊರಳಬಹುದೇ ಎಂಬುದನ್ನು ವೈದ್ಯರು ತೂಗಿ ನೋಡುತ್ತಾರೆ. ಬ್ಯುಪ್ರೊಪಿಯಾನ್ ತೂಕದ ಮಟ್ಟಿಗೆ ಒಳ್ಳೆಯದಾದರೂ ಮೂರ್ಛೆರೋಗ ಇರುವವರಿಗೆ ಸಲ್ಲದು. ಅಗೊಮೆಲಟಿನ್ ಕೊಟ್ಟರೆ ಯಕೃತ್ತಿನ ಪರೀಕ್ಷೆಯನ್ನು ಆಗಾಗ ಮಾಡಿಸಬೇಕು. ಹೀಗೆ ಪ್ರತಿಯೊಂದಕ್ಕೂ ತನ್ನ ಬಾಲ ಇದೆ. ತೀರ ಸೌಮ್ಯ ಬಗೆಯ ಖಿನ್ನತೆಯಾದರೆ ಮಾತ್ರೆಗಿಂತ ಮೊದಲು ಮಾತಿನ ಚಿಕಿತ್ಸೆಯೇ ಸಾಕಾಗಬಹುದು. ತೀವ್ರವಾದದ್ದಕ್ಕೆ ಎರಡೂ ಬೇಕು. 2025ರಲ್ಲಿ ನಮ್ಮ ದೇಶದ ಔಷಧದಂಗಡಿಗಳಿಗೆ ಬಂದ ತೂಕ ಇಳಿಸುವ ಚುಚ್ಚುಮದ್ದುಗಳ ಬಗ್ಗೆ ಅನೇಕರು ವಿಚಾರಿಸುತ್ತಾರೆ. ಅವು ಬೊಜ್ಜಿನ ಕಾಯಿಲೆಗೆ ಇರುವಂಥವು. ನಾಲ್ಕು ಕಿಲೋಗಾಗಿ, ಅದರಲ್ಲೂ ಮನೋವೈದ್ಯರಿಗೆ ಹೇಳದೆ, ಅತ್ತ ಹೋಗಬಾರದು.

ಇನ್ನು ಅಡುಗೆಮನೆ. ಮಾತ್ರೆ ತರುವುದು ಹಸಿವನ್ನಾದರೆ, ಆ ಹಸಿವಿನ ಮುಂದೆ ಏನನ್ನು ಇಡುತ್ತೇವೆಂಬುದು ನಮ್ಮ ಕೈಯಲ್ಲಿದೆ. ರಾತ್ರಿಯ ಮಾತ್ರೆ ನುಂಗುವ ಹೊತ್ತಿಗೆ ಊಟ ಮುಗಿದಿರಲಿ, ಹಲ್ಲುಜ್ಜಿಯೂ ಆಗಿರಲಿ. ಆಮೇಲೂ ಹೊಟ್ಟೆ ಕರೆದರೆ ಮಸಾಲೆ ಮಜ್ಜಿಗೆ, ಸೌತೆಕಾಯಿ, ಹೆಸರುಬೇಳೆ ಕೋಸಂಬರಿ ಇರಲಿ. ಚಕ್ಕುಲಿ, ಖಾರ, ಬಿಸ್ಕತ್ತಿನ ಡಬ್ಬಿ ಕೈಗೆಟುಕದ ಅಟ್ಟದ ಮೇಲಿರಲಿ. ದಿನಕ್ಕೆ ನಾಲ್ಕು ಲೋಟ ಕಾಫಿ, ಲೋಟಕ್ಕೆರಡು ಚಮಚ ಸಕ್ಕರೆ ಹಾಕುವ ಮನೆಗಳಲ್ಲಿ ಮೊದಲ ಉಳಿತಾಯ ಅಲ್ಲಿಯೇ. ರಾಗಿ ಮುದ್ದೆ ತಿಂದರೆ ತೂಕ ಏರದೆಂಬ ನಂಬಿಕೆ ನಮ್ಮ ಕಡೆ ಬಲವಾಗಿದೆ; ಮುದ್ದೆಯ ಗಾತ್ರ ಯಾರೂ ಕೇಳುವುದಿಲ್ಲ! ಒಂದು ಸಣ್ಣ ಮುದ್ದೆ, ಬಟ್ಟಲು ತುಂಬ ಸೊಪ್ಪಿನ ಸಾರು, ಮೊಳಕೆ ಕಾಳಿನ ಪಲ್ಯ ಎಂಬ ಲೆಕ್ಕ ಒಳ್ಳೆಯದು. ಪಥ್ಯದ ಹೆಸರಿನಲ್ಲಿ ಉಪವಾಸ ಮಾತ್ರ ಬೇಡ. ಈಗಷ್ಟೇ ಚೇತರಿಸಿಕೊಳ್ಳುತ್ತಿರುವ ಮನಸ್ಸಿಗೆ ಹೊಟ್ಟೆ ಕಾಯಿಸುವುದು ಹಿತವಲ್ಲ.

ನಡಿಗೆ ಎರಡು ಕಡೆಯೂ ಕೆಲಸ ಮಾಡುವ ಮದ್ದು. ತೂಕಕ್ಕೂ ಹೌದು, ಖಿನ್ನತೆಗೂ ಹೌದು. ಗಂಗಾನಗರದವರಿಗೆ ಹೆಬ್ಬಾಳ ಕೆರೆ ದೂರವಿಲ್ಲ. ಬಡಾವಣೆಯ ಉದ್ಯಾನವಾದರೂ ಸಾಕು. ಆದರೆ "ಹೋಗಿ ನಡೆದು ಬಾ" ಎಂದು ಅಟ್ಟಿದರೆ ಖಿನ್ನತೆಯವರು ಏಳುವುದಿಲ್ಲ. ಏಳಲಾಗದಿರುವುದೇ ಅವರ ಕಾಯಿಲೆ. ತಾಯಿಯೋ ಅಣ್ಣನೋ ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತು "ನಡಿ, ನಾನೂ ಬರುತ್ತೇನೆ" ಎಂದರೆ ಏಳುತ್ತಾರೆ.

ಮದುವೆ ಮನೆಯ ಆ ಹಿರಿಯರ ಬಗ್ಗೆ ಏನು ಹೇಳಲಿ? ಅವರು ಕೆಟ್ಟವರಾಗಿರಲಿಕ್ಕಿಲ್ಲ. ನಮ್ಮಲ್ಲಿ ಬಹುದಿನಗಳ ಮೇಲೆ ಕಂಡವರನ್ನು ಮೈ ನೋಡಿಯೇ ಮಾತನಾಡಿಸುವುದು ರೂಢಿ: ಇಳಿದಿದ್ದೀಯೆ, ತುಂಬಿದ್ದೀಯೆ, ಕಪ್ಪಾಗಿದ್ದೀಯೆ. ಅದೇ ಬಾಯಿ ಪಂಕ್ತಿಯಲ್ಲಿ "ಇನ್ನೊಂದು ಹೋಳಿಗೆ ಹಾಕಿ, ತುಪ್ಪ ಹಾಕಿ" ಎಂದು ಒತ್ತಾಯವನ್ನೂ ಮಾಡುತ್ತದೆ. ಒಂದು ಕೈಯಿಂದ ಬಡಿಸಿ ಇನ್ನೊಂದು ಕೈಯಿಂದ ಅಳೆಯುವ ಈ ಉಪಚಾರವನ್ನು ಬಿಡಬಾರದೇ? ಎದುರಿಗೆ ನಿಂತ ಹುಡುಗಿ ಯಾವ ಕತ್ತಲೆಯಿಂದ ಎದ್ದುಬಂದು ಆ ರೇಷ್ಮೆ ಸೀರೆ ಉಟ್ಟಿದ್ದಾಳೆಂದು ಕೇಳಿದವರಿಗೆ ಗೊತ್ತಿರುವುದಿಲ್ಲ. ಮನೆಯವರಿಗೆ ಗೊತ್ತಿತ್ತು. ಅಂಥ ವೇಳೆಯಲ್ಲಿ ತಾಯಿಯೋ ಸೋದರತ್ತೆಯೋ ಮುಂದೆ ಬಂದು "ಆರೋಗ್ಯವಾಗಿದ್ದಾಳೆ, ಅದೇ ನಮಗೆ ಸಂತೋಷ" ಎಂದು ಮಾತು ತಿರುಗಿಸಬಹುದಿತ್ತು. ಮುಂದಿನ ಮದುವೆಗೆ ಈ ಒಂದು ವಾಕ್ಯವನ್ನು ಸಿದ್ಧವಾಗಿಟ್ಟುಕೊಳ್ಳಿರೆಂದು ಆ ತಾಯಿಗೆ ಬರೆದಿದ್ದೇನೆ.

ಇದು ಗಂಗಾನಗರದ ಒಂದು ಮನೆಯ ಮಾತಲ್ಲ. ನಿಮ್ಹಾನ್ಸ್ ಸಂಸ್ಥೆ 2015–16ರಲ್ಲಿ ಹನ್ನೆರಡು ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯಂತೆ ನಮ್ಮ ದೇಶದ ವಯಸ್ಕರಲ್ಲಿ ಸುಮಾರು ಇಪ್ಪತ್ತಕ್ಕೊಬ್ಬರು ಜೀವನದಲ್ಲಿ ಒಮ್ಮೆಯಾದರೂ ಖಿನ್ನತೆ ಅನುಭವಿಸಿದವರು. ಚಿಕಿತ್ಸೆ ಪಡೆಯದವರೇ ಅಧಿಕ. ಮಾನಸಿಕ ಚಿಕಿತ್ಸೆಯನ್ನು ದೊಡ್ಡಾಸ್ಪತ್ರೆಯಿಂದ ಹಳ್ಳಿಯ ಆರೋಗ್ಯ ಕೇಂದ್ರಕ್ಕೆ ಒಯ್ಯುವ ಪ್ರಯೋಗವನ್ನು ಅದೇ ಸಂಸ್ಥೆ 1980ರ ದಶಕದಲ್ಲಿ ನಮ್ಮ ಬಳ್ಳಾರಿ ಜಿಲ್ಲೆಯಲ್ಲಿ ಮಾಡಿ ತೋರಿಸಿತು. 1996ರಿಂದ ದೇಶದ ಇತರ ಜಿಲ್ಲೆಗಳಿಗೂ ಹಬ್ಬಿದ ಯೋಜನೆಗೆ ಅದೇ ಮಾದರಿಯಾಯಿತು. ಆದ್ದರಿಂದ ಈ ಪತ್ರಿಕೆಯನ್ನು ಜಿಲ್ಲೆಗಳಲ್ಲಿ ಓದುವವರು ಮಾತ್ರೆ ಬದಲಿಸುವ ಮಾತಿಗಾಗಿ ಬೆಂಗಳೂರಿಗೇ ಬರಬೇಕಾಗಿಲ್ಲ. ಜಿಲ್ಲಾಸ್ಪತ್ರೆಯ ಮನೋವೈದ್ಯ ವಿಭಾಗದಲ್ಲಿಯೇ ಕೇಳಬಹುದು. ಬೆಂಗಳೂರಿನವರಿಗೆ ಹೊಸೂರು ರಸ್ತೆಯ ನಿಮ್ಹಾನ್ಸ್‌ನ ತುರ್ತು ವಿಭಾಗ ಹಗಲು ರಾತ್ರಿ ತೆರೆದಿರುತ್ತದೆ. ಹೊರಗೆ ಹೋಗಲು ಸಂಕೋಚಪಡುವವರಿಗೆ 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಎಂಬ ಸರ್ಕಾರಿ ದೂರವಾಣಿ ಸೇವೆಯಿದೆ. ಸಂಖ್ಯೆ 14416, ಕರೆಗೆ ಹಣವಿಲ್ಲ, ಕನ್ನಡದಲ್ಲಿಯೇ ಮಾತನಾಡಬಹುದು. ಕರೆ ಮಾಡುವಾಗಲಾಗಲಿ ವೈದ್ಯರ ಬಳಿ ಹೋಗುವಾಗಲಾಗಲಿ ಚೀಟಿ, ಮಾತ್ರೆಯ ಖಾಲಿ ಪಟ್ಟಿ, ತೂಕ ಬರೆದ ಕ್ಯಾಲೆಂಡರಿನ ಹಾಳೆ, ಈ ಮೂರನ್ನೂ ಕೈಯಲ್ಲಿ ಹಿಡಿದಿರಿ. ಕೊನೆಯ ಮಾತ್ರೆ ನುಂಗಿದ್ದು ಯಾವ ದಿನವೆಂಬುದನ್ನೂ ಅದೇ ಹಾಳೆಯ ಮೇಲೆ ಗುರುತು ಮಾಡಿಕೊಂಡಿರಿ.